ಅರಳಿ ಮರದ ಎದುರು ಮನೆಗೆ ಹತ್ತಕ್ಷರದ ವಿಳಾಸ

"ಇನ್ಮೇಲೆ ಪಿನ್‌ಕೋಡ್ ಇರಲ್ವಂತೆ. ಮನೆಗೊಂದು ಹೊಸ ನಂಬರ್ ಮಾಡಿಸ್ಕೋಬೇಕಂತೆ. ಅದಕ್ಕೆ ಆಧಾರ್ ಜೆರಾಕ್ಸ್ ಬೇಕೇನೋ?"

ದೊಡ್ಡಮ್ಮ ಫೋನ್ ಮಾಡಿ ಕೇಳಿದ್ದು ಹೀಗೆ. ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ್ದನ್ನು ಓದಿ ಗಾಬರಿಯಾಗಿದ್ದರು. 2025ರ ಮೇ ಕೊನೆಯಲ್ಲಿ ಅಂಚೆ ಇಲಾಖೆ ನೆಲದ ಪ್ರತಿ ತುಣುಕಿಗೂ ಹತ್ತಕ್ಷರದ ಕೋಡ್ ಕೊಡುವ 'ಡಿಜಿಪಿನ್' ಅನ್ನುವುದನ್ನು ಶುರು ಮಾಡಿತು. ಅಲ್ಲಿಂದ ಈ ಥರದ ಮೆಸೇಜುಗಳು ಓಡಾಡುತ್ತಲೇ ಇವೆ. ಉತ್ತರ ಸರಳ. ಪಿನ್‌ಕೋಡ್ ಎಲ್ಲೂ ಹೋಗಿಲ್ಲ. ಆಧಾರ್ ಬೇಡ, ಅರ್ಜಿ ಬೇಡ, ಯಾವ ಕಚೇರಿಗೂ ಅಲೆಯುವುದು ಬೇಡ. ನಿಮ್ಮ ಮನೆಗೆ ಡಿಜಿಪಿನ್ ಈಗಾಗಲೇ ಇದೆ. ನಿಮ್ಮ ದನದ ಕೊಟ್ಟಿಗೆಗೂ ಇದೆ, ಊರಾಚೆಯ ಕೆರೆಯ ನಡುಮಧ್ಯಕ್ಕೂ ಇದೆ.

ಅದು ಹೇಗೆ ಅಂತ ಹೇಳಲು ಹೊರಟರೆ ಮಾತು ಡಿಜಿಪಿನ್ ಒಂದಕ್ಕೇ ನಿಲ್ಲುವುದಿಲ್ಲ. ಆಟೊ ಕರೆಯುವುದು, ಊಟ ತರಿಸುವುದು, ಟೋಲ್ ಕಟ್ಟುವುದು, ಬೆಳೆ ಸಮೀಕ್ಷೆಗೆ ಹೊಲದ ಫೋಟೊ ತೆಗೆಯುವುದು, ಎಲ್ಲವೂ ಈಗ ಫೋನಿನ ನಕ್ಷೆಯ ಮೇಲೆ ಮಿನುಗುವ ಒಂದು ನೀಲಿ ಚುಕ್ಕಿಯ ಮೇಲೆ ನಿಂತಿದೆ. ಆ ಚುಕ್ಕಿಯ ಹಿಂದೆ ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ನಾನು ಎಲ್ಲಿದ್ದೇನೆ? ಇಲ್ಲಿ ಏನಿದೆ? ನಾನು ಇಲ್ಲಿದ್ದೇನೆ ಅಂತ ಯಾರಿಗೆ ಗೊತ್ತಾಗಬೇಕು? ಮೊದಲನೆಯದಕ್ಕೆ ಉತ್ತರ ಹೆಚ್ಚುಕಡಿಮೆ ಸಿಕ್ಕಿದೆ. ಮುಂದಿನ ವರ್ಷಗಳ ತಲೆನೋವೆಲ್ಲ ಉಳಿದೆರಡರದ್ದು.

ಗುಡುಗು ಎಣಿಸುವ ಲೆಕ್ಕ

ಮಿಂಚು ಕಂಡ ತಕ್ಷಣ ಒಂದು, ಎರಡು, ಮೂರು ಅಂತ ಎಣಿಸುತ್ತಿದ್ದದ್ದು ನೆನಪಿದೆಯಾ? ಮೂರು ಸೆಕೆಂಡಿಗೆ ಗುಡುಗು ಕೇಳಿದರೆ ಸಿಡಿಲು ಸುಮಾರು ಒಂದು ಕಿಲೋಮೀಟರ್ ದೂರದಲ್ಲಿದೆ ಎಂದರ್ಥ. ಸದ್ದು ಬರಲು ಹಿಡಿದ ಹೊತ್ತಿನಿಂದ ದೂರ ಅಳೆಯುವ ಲೆಕ್ಕ ಅದು.

ಜಿಪಿಎಸ್ ಮಾಡುವುದೂ ಇದೇ ಲೆಕ್ಕ. ಅಮೆರಿಕದ ಸುಮಾರು 30 ಉಪಗ್ರಹಗಳು 20 ಸಾವಿರ ಕಿಲೋಮೀಟರ್ ಮೇಲೆ ಸುತ್ತುತ್ತಿವೆ. ಪ್ರತಿಯೊಂದೂ "ನಾನು ಇಂಥವನು, ಇಲ್ಲಿದ್ದೇನೆ, ಈಗ ಸಮಯ ಇಷ್ಟು" ಅಂತ ಬಿಡದೆ ಸಾರುತ್ತಿರುತ್ತದೆ. ಆ ಸಂಕೇತ ಬಂದು ಮುಟ್ಟಲು ಹಿಡಿದ ಹೊತ್ತನ್ನು ಫೋನು ನೋಡಿ ದೂರ ಲೆಕ್ಕ ಹಾಕುತ್ತದೆ. ಒಂದೇ ಉಪಗ್ರಹದ ದೂರ ಗೊತ್ತಾದರೆ ಏನೂ ಪ್ರಯೋಜನವಿಲ್ಲ. ಮೂರು ಸಿಕ್ಕರೆ ಜಾಗ ಒಂದು ಕಡೆ ಕೂಡುತ್ತದೆ. ನಾಲ್ಕನೆಯದು ಬೇಕಾಗುವುದು ನಮ್ಮ ಫೋನಿನ ಗಡಿಯಾರ ಅಷ್ಟೇನೂ ನಿಖರವಲ್ಲ ಅನ್ನುವ ಕಾರಣಕ್ಕೆ. ಅದರ ತಪ್ಪನ್ನು ತಿದ್ದುವುದು ಆ ನಾಲ್ಕನೆಯ ಉಪಗ್ರಹ.

ಇಲ್ಲಿ ಎಲ್ಲ ಆಟವೂ ಸಮಯದ್ದೇ. ಸಂಕೇತ ಓಡುವುದು ಬೆಳಕಿನ ವೇಗದಲ್ಲಿ, ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ಜಾಗ 300 ಮೀಟರ್ ಆಚೀಚೆ ಆಗುತ್ತದೆ. ಅದಕ್ಕೇ ಉಪಗ್ರಹಗಳಲ್ಲಿ ಪರಮಾಣು ಗಡಿಯಾರ ಇಟ್ಟಿರುತ್ತಾರೆ. ಇನ್ನೊಂದು ವಿಚಿತ್ರವೂ ಇದೆ. ಐನ್‌ಸ್ಟೈನ್ ಹೇಳಿದ ಹಾಗೆ ಅಷ್ಟು ಎತ್ತರದಲ್ಲಿ, ಅಷ್ಟು ವೇಗದಲ್ಲಿ ಓಡುವ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ 38 ಮೈಕ್ರೊಸೆಕೆಂಡ್ ಮುಂದೆ ಹೋಗುತ್ತದೆ. ಅದನ್ನು ತಿದ್ದದಿದ್ದರೆ ತಪ್ಪು ದಿನಕ್ಕೆ ಹತ್ತು ಕಿಲೋಮೀಟರಿಗೂ ಜಾಸ್ತಿ ಬೆಳೆಯುತ್ತಿತ್ತು. ಕಾಲೇಜಿನಲ್ಲಿ ಸಾಪೇಕ್ಷತೆ ಓದುವಾಗ "ಇದರಿಂದ ಏನು ಉಪಯೋಗ ಸಾರ್?" ಅಂತ ಕೇಳಿದ್ದವರಲ್ಲಿ ನಾನೂ ಒಬ್ಬ.

ಒಂದು ಮಾತು ಚೆನ್ನಾಗಿ ನೆನಪಿಡಿ, ಮುಂದೆ ಬೇಕಾಗುತ್ತದೆ. ಉಪಗ್ರಹಕ್ಕೆ ನೀವು ಇರುವುದೇ ಗೊತ್ತಿಲ್ಲ. ಅದು ಆಕಾಶವಾಣಿ ಇದ್ದ ಹಾಗೆ, ಹೇಳುತ್ತದೆ ಅಷ್ಟೇ, ಕೇಳಿಸಿಕೊಳ್ಳುವುದಿಲ್ಲ. ನೀವಿರುವ ಜಾಗ ನಿಮ್ಮ ಫೋನಿನೊಳಗೇ ಲೆಕ್ಕವಾಗುತ್ತದೆ. ಆ ಲೆಕ್ಕವನ್ನು ಇಂಟರ್ನೆಟ್ ಮೂಲಕ ಇನ್ನೊಬ್ಬರಿಗೆ ಮುಟ್ಟಿಸುವುದು ಆಪ್‌ಗಳು.

ಮನೆಯೊಳಗೆ, ಮಾಲ್‌ನ ನೆಲಮಾಳಿಗೆಯಲ್ಲಿ ಉಪಗ್ರಹದ ಸಂಕೇತ ಸರಿಯಾಗಿ ಸಿಗುವುದಿಲ್ಲ. ಆಗ ಫೋನು ಹತ್ತಿರದ ಮೊಬೈಲ್ ಟವರ್‌ಗಳನ್ನೂ ಅಕ್ಕಪಕ್ಕದ ವೈಫೈ ಹೆಸರುಗಳನ್ನೂ ನೋಡಿ ಅಂದಾಜು ಮಾಡುತ್ತದೆ. ಟವರ್ ಅಂದಾಜು ನೂರಾರು ಮೀಟರ್ ತಪ್ಪಬಹುದು. ಬಯಲಿನಲ್ಲಿ, ಆಕಾಶ ತೆರೆದಿದ್ದರೆ ಜಿಪಿಎಸ್ ಸಾಮಾನ್ಯವಾಗಿ ಐದು ಮೀಟರ್ ಒಳಗೆ ತೋರಿಸುತ್ತದೆ.

ಬ್ಯಾಲಾಳುವಿನಿಂದ ನೋಡುವ ನಾವಿಕ್

ಈಗಿನ ಫೋನು ಜಿಪಿಎಸ್ ಒಂದನ್ನೇ ನಂಬಿ ಕೂತಿಲ್ಲ. ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡೂ ಉಪಗ್ರಹಗಳನ್ನೂ ಕೇಳಿಸಿಕೊಳ್ಳುತ್ತದೆ. ಭಾರತದ್ದು ನಾವಿಕ್. ಇದರ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈನಲ್ಲಿ. ಇದು ಇಡೀ ಜಗತ್ತಿಗಲ್ಲ. ಭಾರತ ಮತ್ತು ಸುತ್ತಲಿನ 1,500 ಕಿಲೋಮೀಟರಿಗೆ ಮಾತ್ರ. ಇದರ ನ್ಯಾವಿಗೇಷನ್ ಕೇಂದ್ರ ಇರುವುದು ಬೆಂಗಳೂರಿನ ಹೊರಗೆ, ಬ್ಯಾಲಾಳುವಿನಲ್ಲಿ.

ನಾವಿಕ್‌ನ ಹಾದಿ ಸಲೀಸಾಗಿರಲಿಲ್ಲ. ಮೊದಲ ಉಪಗ್ರಹದ ಪರಮಾಣು ಗಡಿಯಾರಗಳು ಕೆಟ್ಟವು. ಅದರ ಬದಲಿಗೆ 2017ರಲ್ಲಿ ಕಳಿಸಿದ್ದು ರಾಕೆಟ್ಟಿನ ಶಾಖಕವಚ ತೆರೆಯದೆ ಹಾಳಾಯಿತು. 2023ರ ಮೇನಲ್ಲಿ ಹಾರಿದ ಎನ್‌ವಿಎಸ್-01ರಲ್ಲಿ ಮೊದಲ ಸಲ ನಮ್ಮಲ್ಲೇ ಮಾಡಿದ ಪರಮಾಣು ಗಡಿಯಾರ ಇತ್ತು. ಜೊತೆಗೆ ಮಾಮೂಲಿ ಫೋನುಗಳು ಮೊದಲಿಂದಲೂ ಕೇಳುವ 'ಎಲ್1' ತರಂಗಾಂತರದಲ್ಲೂ ಅದು ಮಾತಾಡುತ್ತದೆ. 2025ರ ಜನವರಿಯಲ್ಲಿ ಹೋದ ಎನ್‌ವಿಎಸ್-02 ಮಾತ್ರ ವಾಲ್ವ್ ತೆರೆಯದೆ ಸರಿಯಾದ ಕಕ್ಷೆ ಸೇರಲಿಲ್ಲ. 2025ರ ಮಧ್ಯದಲ್ಲಿ ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕದ ಪ್ರಕಾರ ಹಾರಿಸಿದ 11ರಲ್ಲಿ ಜಾಗ ತಿಳಿಸುವ ಕೆಲಸಕ್ಕೆ ಉಳಿದಿದ್ದವು 4. ಕನಿಷ್ಠ ಬೇಕಾಗುವುದೂ ನಾಲ್ಕೇ ಅಂತ ಮೇಲೆ ನೋಡಿದೆವಲ್ಲ.

ಹಾಗಾದರೆ ಪುಕ್ಕಟೆ ಸಿಗುವ ಜಿಪಿಎಸ್ ಇರುವಾಗ ಇಷ್ಟೆಲ್ಲ ಯಾಕೆ? ಜಿಪಿಎಸ್ ಅಮೆರಿಕದ ಸೇನೆಯ ಆಸ್ತಿ. 2000ದ ಮೇವರೆಗೆ ಜನಸಾಮಾನ್ಯರಿಗೆ ಕೊಡುವ ಸಂಕೇತದಲ್ಲಿ ಅವರು ಬೇಕೆಂದೇ ತಪ್ಪು ಬೆರೆಸುತ್ತಿದ್ದರು. ಅದಲ್ಲದೆ ಸುಳ್ಳು ಸಂಕೇತ ಹರಡಿ ದಾರಿ ತಪ್ಪಿಸುವುದು ಈಗ ಹೆಚ್ಚಾಗಿದೆ. ದೆಹಲಿ ವಿಮಾನ ನಿಲ್ದಾಣದ ಸುತ್ತ ವಿಮಾನಗಳಿಗೆ ಇಂಥ ಸುಳ್ಳು ಜಿಪಿಎಸ್ ಸಂಕೇತ ಸಿಕ್ಕಿದ್ದನ್ನು 2025ರ ಕೊನೆಯಲ್ಲಿ ಸರ್ಕಾರವೇ ಒಪ್ಪಿಕೊಂಡಿತು. ಒಬ್ಬರ ಮಾತು ಸುಳ್ಳೋ ನಿಜವೋ ಗೊತ್ತಾಗಬೇಕಾದರೆ ಇನ್ನಿಬ್ಬರನ್ನು ಕೇಳಬೇಕು. ಫೋನಿಗೂ ಅಷ್ಟೇ.

ಚೌಕಾಬಾರದ ಮನೆಗಳು

ಈಗ ದೊಡ್ಡಮ್ಮನ ಪ್ರಶ್ನೆಗೆ ಬರೋಣ. 1972ರ ಆಗಸ್ಟ್ 15ರಂದು ಬಂದ ಆರಂಕಿಯ ಪಿನ್‌ಕೋಡ್ ಮನೆಯನ್ನು ತೋರಿಸುವುದಿಲ್ಲ, ಅಂಚೆ ಬಟವಾಡೆಯ ಕಚೇರಿಯನ್ನು ತೋರಿಸುತ್ತದೆ. 577 ಅಂತ ಶುರುವಾಗುವ ಪಿನ್ ಶಿವಮೊಗ್ಗಕ್ಕೂ ಇದೆ, ಚಿತ್ರದುರ್ಗಕ್ಕೂ ಇದೆ. ಆ ಕಚೇರಿಯಿಂದ ಮುಂದೆ ಮನೆ ಹುಡುಕುವುದು ಅಂಚೆಯಣ್ಣನ ತಲೆಯಲ್ಲಿರುವ ನಕ್ಷೆ. ಅರಳಿ ಮರದ ಎದುರು, ಹಿಟ್ಟಿನ ಗಿರಣಿ ಹಿಂದೆ, ಮೇಷ್ಟ್ರ ಮನೆ ಪಕ್ಕ. ಅವನಿಗೆ ಇದು ಸಾಕು. ದಿನಕ್ಕೊಬ್ಬ ಬರುವ ಡೆಲಿವರಿ ಹುಡುಗನಿಗೆ ಸಾಲದು.

ಡಿಜಿಪಿನ್ ಮಾಡಿದ್ದು ಅಂಚೆ ಇಲಾಖೆ, ಐಐಟಿ ಹೈದರಾಬಾದ್ ಮತ್ತು ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಸೇರಿ. ಚೌಕಾಬಾರದ ಹಲಗೆ ನೆನಪಿಸಿಕೊಳ್ಳಿ. ಅದರಲ್ಲಿ ಐದೈದು ಮನೆ. ಇಲ್ಲಿ ನಾಲ್ಕು ನಾಲ್ಕು, ಒಟ್ಟು 16. ಭಾರತ ಮತ್ತು ಸುತ್ತಲಿನ ಸಮುದ್ರದ ಮೇಲೆ ಇಂಥ ಒಂದು ದೊಡ್ಡ ಹಲಗೆ ಹಾಸಿ, ಪ್ರತಿ ಮನೆಗೂ ಒಂದು ಅಕ್ಷರ ಅಥವಾ ಅಂಕಿ ಕೊಡುತ್ತಾರೆ. ಆಮೇಲೆ ಪ್ರತಿ ಮನೆಯೊಳಗೂ ಮತ್ತೆ 16 ಮನೆ. ಅದರೊಳಗೆ ಮತ್ತೆ 16. ಹೀಗೆ ಹತ್ತು ಸಲ. ಮೊದಲ ಸಲದ ಮನೆಯ ಅಗಲ ಸುಮಾರು ಸಾವಿರ ಕಿಲೋಮೀಟರ್. ಹತ್ತನೆಯದಕ್ಕೆ ಬರುವ ಹೊತ್ತಿಗೆ ನಾಲ್ಕು ಮೀಟರಿಗೂ ಸ್ವಲ್ಪ ಕಡಿಮೆ, ಒಂದು ಕಾರು ನಿಲ್ಲಿಸುವಷ್ಟು ಜಾಗ. ಒಟ್ಟು ಮನೆಗಳು ಒಂದು ಲಕ್ಷ ಕೋಟಿಗೂ ಮೇಲೆ.

ಇದರಲ್ಲಿ ಒಂದು ಸೊಗಸಿದೆ. ಇಡೀ ಕರ್ನಾಟಕ ಮೊದಲ ಹಲಗೆಯಲ್ಲಿ '4' ಅನ್ನುವ ಒಂದೇ ಮನೆಯಲ್ಲಿ ಕೂರುತ್ತದೆ. ಜೊತೆಗೆ ಮುಂಬೈ, ಹೈದರಾಬಾದ್, ಚೆನ್ನೈ ಕೂಡ ಅದರಲ್ಲೇ ಇವೆ. ಎರಡನೆಯ ಅಕ್ಷರಕ್ಕೆ ಬಂದಾಗ ದಾರಿ ಬೇರೆಯಾಗುತ್ತದೆ. ಬೆಂಗಳೂರು '4ಪಿ', ಮೈಸೂರು ಮತ್ತು ಮಂಗಳೂರು '4ಎಂ', ಹುಬ್ಬಳ್ಳಿ '44', ಕಲಬುರಗಿ '43'. ಅಂದರೆ ಕೋಡ್ ನೋಡಿಯೇ ಇದು ಯಾವ ದಿಕ್ಕಿನದ್ದು ಅಂತ ಹೇಳಬಹುದು. ಮಲ್ಪೆಯಿಂದ ದೋಣಿ ತಗೊಂಡು ಹೋದವರು ಸಮುದ್ರದಲ್ಲಿ ನಿಂತ ಜಾಗಕ್ಕೂ ಕೋಡ್ ಇದೆ. ಅಕ್ಷಾಂಶ, ರೇಖಾಂಶದಿಂದ ಇದನ್ನು ಲೆಕ್ಕ ಹಾಕುವುದರಿಂದ ಇಂಟರ್ನೆಟ್ ಇಲ್ಲದೆಯೂ ತೆಗೆಯಬಹುದು. ಅದರಲ್ಲಿ ನಿಮ್ಮ ಹೆಸರಿಲ್ಲ, ನಂಬರಿಲ್ಲ. ನೆಲದ ಹೆಸರು ಮಾತ್ರ.

ತೊಡಕೂ ಇದೆ. ಮೂವತ್ತು-ನಲವತ್ತರ ಸೈಟಿನಲ್ಲಿ ಇಂಥ ಏಳೆಂಟು ಚೌಕ ಹಿಡಿಯುತ್ತವೆ. ಅಂದರೆ ನಿಮ್ಮ ಒಂದೇ ಮನೆಗೆ ಏಳೆಂಟು ಡಿಜಿಪಿನ್! ಅಡುಗೆಮನೆಯದ್ದು ಕೊಟ್ಟರೆ ಬಂದವನು ಹಿಂದಿನ ಬೀದಿಯಲ್ಲಿ ನಿಲ್ಲಬಹುದು. ಗೇಟಿನ ಹತ್ತಿರ ನಿಂತು ತೆಗೆಯುವುದೇ ಒಳ್ಳೆಯದು. ಚುಕ್ಕಿಯೇ ಐದು ಮೀಟರ್ ಆಚೀಚೆ ಆಗುವಾಗ ಒಂದೇ ಕಡೆ ಎರಡು ಸಲ ತೆಗೆದರೆ ಕೊನೆಯ ಅಕ್ಷರ ಬದಲಾದರೂ ಆಶ್ಚರ್ಯವಿಲ್ಲ. ಇದು ನೆಲದ ಮೇಲಿನ ಚೌಕ ಆದ್ದರಿಂದ ಎತ್ತರದ ಲೆಕ್ಕವೂ ಇಲ್ಲ. ಹದಿನಾಲ್ಕನೇ ಮಹಡಿಯವರಿಗೂ ನೆಲ ಮಹಡಿಯವರಿಗೂ ಒಂದೇ. ಇನ್ನು ನೆನಪಿಟ್ಟುಕೊಳ್ಳುವ ಮಾತು ಬಿಡಿ. ಸ್ವಂತ ಗಾಡಿ ನಂಬರ್ ಮರೆಯುವ ನನ್ನಂಥವರಿಗೆ ಹತ್ತಕ್ಷರ ಸ್ವಲ್ಪ ಜಾಸ್ತಿಯೇ ಆಯಿತು.

ಇದಕ್ಕಾಗಿ ಅಂಚೆ ಇಲಾಖೆ 'ಧ್ರುವ' ಅನ್ನುವ ಇನ್ನೊಂದು ಏರ್ಪಾಡನ್ನು ಮುಂದಿಟ್ಟಿದೆ. ಯುಪಿಐ ಐಡಿ ಇದೆಯಲ್ಲ, ಬ್ಯಾಂಕ್ ಖಾತೆ ನಂಬರ್ ಹೇಳದೆ ದುಡ್ಡು ತಗೊಳ್ಳುತ್ತೇವೆ. ಅದೇ ಥರ ವಿಳಾಸಕ್ಕೊಂದು ಚಿಕ್ಕ ಹೆಸರು. ಅದನ್ನು ಕೊಟ್ಟರೆ ಸಾಕು, ಹಿಂದಿರುವ ಪೂರ್ತಿ ವಿಳಾಸ ನಿಮ್ಮ ಒಪ್ಪಿಗೆ ಇದ್ದವರಿಗೆ ಮಾತ್ರ ಕಾಣುತ್ತದೆ. ಮನೆ ಬದಲಾಯಿಸಿದರೆ ಹೆಸರು ಅದೇ, ವಿಳಾಸ ಮಾತ್ರ ಬೇರೆ. ಬಾಡಿಗೆ ಮನೆಯಲ್ಲಿರುವವರಿಗೆ ಇದು ಡಿಜಿಪಿನ್‌ಗಿಂತ ಜಾಸ್ತಿ ಉಪಯೋಗಕ್ಕೆ ಬರಬಹುದು ಅಂತ ನನಗನ್ನಿಸುತ್ತದೆ.

ಚುಕ್ಕಿ ಸರಿ, ನಕ್ಷೆ ತಪ್ಪು

2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಹತ್ತಿರ ಮೂವರು ಫೋನಿನ ನಕ್ಷೆ ನೋಡಿಕೊಂಡು ಕಾರಿನಲ್ಲಿ ಹೊರಟಿದ್ದರು. ಮುಂದಿದ್ದ ಸೇತುವೆ ಅರ್ಧಕ್ಕೇ ನಿಂತಿತ್ತು. ಕಾರು ನದಿಗೆ ಬಿದ್ದು ಮೂವರೂ ತೀರಿಕೊಂಡರು. ಅವರು ಎಲ್ಲಿದ್ದಾರೆ ಅಂತ ಹೇಳುವುದರಲ್ಲಿ ಉಪಗ್ರಹಕ್ಕೆ ತೊಂದರೆ ಇರಲಿಲ್ಲ. ಮುಂದೆ ಸೇತುವೆ ಇಲ್ಲ ಅನ್ನುವುದು ನಕ್ಷೆಗೆ ಗೊತ್ತಿರಲಿಲ್ಲ.

ಎರಡನೆಯ ಪ್ರಶ್ನೆ ಎಷ್ಟು ಕಷ್ಟದ್ದು ಅಂತ ಇದರಿಂದ ಗೊತ್ತಾಗುತ್ತದೆ. ಚುಕ್ಕಿಯನ್ನು ಆಕಾಶದಿಂದ ತರಬಹುದು. ನಕ್ಷೆಯನ್ನು ನೆಲದ ಮೇಲೆ ಓಡಾಡಿಯೇ ಮಾಡಬೇಕು, ಮಾಡಿದ್ದನ್ನು ದಿನಾ ತಿದ್ದಬೇಕು. 2021ರ ಫೆಬ್ರವರಿವರೆಗೆ ಭಾರತದಲ್ಲಿ ಒಳ್ಳೆಯ ನಕ್ಷೆ ಮಾಡಲು ಹಲವು ಅನುಮತಿ ಬೇಕಿತ್ತು. ಆಗ ಬಂದ ಹೊಸ ಮಾರ್ಗಸೂಚಿ ಭಾರತೀಯ ಸಂಸ್ಥೆಗಳಿಗೆ ಅದನ್ನು ಸಡಿಲಿಸಿತು. ಒಂದು ಮೀಟರಿಗಿಂತ ಸೂಕ್ಷ್ಮವಾದ ನಕ್ಷೆಯನ್ನು ಭಾರತೀಯ ಸಂಸ್ಥೆಗಳು ಮಾತ್ರ ಮಾಡಬಹುದು ಅಂತಲೂ ಹೇಳಿತು.

ಕರ್ನಾಟಕದವರಿಗೆ ಇದರ ರುಚಿ ಗೊತ್ತಿದೆ. ಕಂದಾಯ ಇಲಾಖೆಯ 'ದಿಶಾಂಕ್' ಆಪ್ ತೆರೆದು ಹೊಲದಲ್ಲಿ ನಿಂತರೆ ಅದು ಯಾವ ಸರ್ವೆ ನಂಬರ್ ಅಂತ ತೋರಿಸುತ್ತದೆ. ಸೈಟು, ತೋಟ ಕೊಳ್ಳುವವರಿಗೆ ಇದು ಬಹಳ ಅನುಕೂಲ. ಆದರೆ ಅದರಲ್ಲಿ ಕಾಣುವ ಗೆರೆ ನಂಬಿ ಬದುವಿನ ಜಗಳ ತೀರಿಸಲು ಹೋಗಬಾರದು. ಫೋನು ಐದು ಮೀಟರ್ ತಪ್ಪಬಹುದು. ಹಳೆಯ ನಕ್ಷೆಯನ್ನು ಕಂಪ್ಯೂಟರಿಗೆ ಏರಿಸುವಾಗ ಗೆರೆ ಸ್ವಲ್ಪ ಸರಿದಿರಬಹುದು. ಬದುವಿನ ವಿಷಯದಲ್ಲಿ ಒಂದಡಿಗೂ ಕೋರ್ಟಿಗೆ ಹೋಗುವವರು ನಾವು.

ಅದಕ್ಕೆ ಭೂಮಾಪಕರು ಈಗ ಸರಪಳಿಯ ಬದಲು ಉಪಗ್ರಹದ ಸಂಕೇತ ಕೇಳಿಸಿಕೊಂಡು ಅಳೆಯುವ 'ರೋವರ್' ಹಿಡಿದು ಬರುತ್ತಿದ್ದಾರೆ. ಇದರ ಗುಟ್ಟು ತಕ್ಕಡಿಯ ಗುಟ್ಟೇ. ಒಂದು ಕಿಲೋ ಬಟ್ಟು ಇಟ್ಟಾಗ ತಕ್ಕಡಿ ಒಂದು ಕಿಲೋ ಇಪ್ಪತ್ತು ಗ್ರಾಂ ತೋರಿಸಿದರೆ, ಆ ತಕ್ಕಡಿಯಲ್ಲಿ ಇಪ್ಪತ್ತು ಗ್ರಾಂ ಕಳೆಯಬೇಕು ಅಂತ ಗೊತ್ತಾಗುತ್ತದೆ. ಸರ್ವೆ ಆಫ್ ಇಂಡಿಯಾ ದೇಶದ ಉದ್ದಗಲಕ್ಕೂ ಕಾಯಂ ಕೇಂದ್ರಗಳನ್ನು ನೆಟ್ಟಿದೆ. ತಾನಿರುವ ಜಾಗ ಪ್ರತಿ ಕೇಂದ್ರಕ್ಕೂ ಖಚಿತವಾಗಿ ಗೊತ್ತು. ಉಪಗ್ರಹದ ಲೆಕ್ಕ ಈ ಹೊತ್ತಿಗೆ ಎಷ್ಟು ತಪ್ಪುತ್ತಿದೆ ಅಂತ ಅದು ನೋಡಿ, ಸುತ್ತಲಿನ ರೋವರ್‌ಗಳಿಗೆ ತಿಳಿಸುತ್ತದೆ. ಅವು ಅಷ್ಟನ್ನು ಕಳೆದರೆ ತಪ್ಪು ಕೆಲವೇ ಸೆಂಟಿಮೀಟರಿಗೆ ಇಳಿಯುತ್ತದೆ.

ಮೈಸೂರು ರಸ್ತೆಯ ಟೋಲ್

ಐದು ಮೀಟರಿನ ತಪ್ಪು ಎಲ್ಲಿ ದುಬಾರಿಯಾಗುತ್ತದೆ ಅನ್ನುವುದಕ್ಕೆ ಬೆಂಗಳೂರು-ಮೈಸೂರು ಹೆದ್ದಾರಿಯೇ ಒಳ್ಳೆಯ ಉದಾಹರಣೆ. ಟೋಲ್ ಬೂತೇ ಇಲ್ಲದೆ, ಗಾಡಿಯಲ್ಲಿರುವ ಒಂದು ಪೆಟ್ಟಿಗೆ ಎಷ್ಟು ಕಿಲೋಮೀಟರ್ ಓಡಿದಿರಿ ಅಂತ ಉಪಗ್ರಹದ ನೆರವಿನಿಂದ ಲೆಕ್ಕ ಹಾಕಿ ದುಡ್ಡು ಕಡಿಯುವ ಯೋಜನೆಗೆ ಪ್ರಯೋಗದ ರಸ್ತೆಯಾಗಿ ಆರಿಸಿದ್ದು ಇದನ್ನು ಮತ್ತು ಹರಿಯಾಣದ ಪಾಣಿಪತ್-ಹಿಸಾರ್ ರಸ್ತೆಯನ್ನು. 2024ರ ಸೆಪ್ಟೆಂಬರಿನಲ್ಲಿ ನಿಯಮವೂ ತಿದ್ದುಪಡಿಯಾಯಿತು. ಅಂಥ ಗಾಡಿಗಳಿಗೆ ದಿನಕ್ಕೆ ಮೊದಲ 20 ಕಿಲೋಮೀಟರ್ ಉಚಿತ ಅಂತ ಅದರಲ್ಲಿತ್ತು.

ಮೈಸೂರು ರಸ್ತೆಯಲ್ಲಿ ಹೋದವರಿಗೆ ಗೊತ್ತು, ಹೆದ್ದಾರಿಯ ಎರಡೂ ಪಕ್ಕದಲ್ಲಿ ಸರ್ವೀಸ್ ರಸ್ತೆ ಅಂಟಿಕೊಂಡೇ ಇದೆ. ಒಂದಕ್ಕೆ ಟೋಲ್, ಇನ್ನೊಂದಕ್ಕಿಲ್ಲ. ಮದ್ದೂರಿನ ರೈತ ಸರ್ವೀಸ್ ರಸ್ತೆಯಲ್ಲಿ ಕಬ್ಬು ಸಾಗಿಸುವಾಗ ಚುಕ್ಕಿ ಬೇಲಿ ಹಾರಿ ಹೆದ್ದಾರಿ ಮೇಲೆ ಕೂತರೆ? ಇಂಥ ಕಡೆ ಮಾಮೂಲಿ ಜಿಪಿಎಸ್ ಸಾಲದು. 2025ರ ಏಪ್ರಿಲ್‌ನಲ್ಲಿ ಹೆದ್ದಾರಿ ಸಚಿವಾಲಯ ಮೇ 1ರಿಂದ ಉಪಗ್ರಹ ಟೋಲ್ ಶುರುವಾಗುತ್ತದೆ ಅನ್ನುವ ಸುದ್ದಿಯನ್ನು ತಳ್ಳಿಹಾಕಿತು. ಸದ್ಯಕ್ಕೆ ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಮತ್ತು ಫಾಸ್ಟ್‌ಟ್ಯಾಗ್ ಎರಡನ್ನೂ ಸೇರಿಸಿ, ಗಾಡಿ ನಿಲ್ಲಿಸದೆ ಟೋಲ್ ತಗೊಳ್ಳುವ ಕಡೆ ಹೊರಟಿದ್ದಾರೆ.

ಅಂದ ಹಾಗೆ, "ಉಪಗ್ರಹ ನಮ್ಮ ಗಾಡಿ ನೋಡುತ್ತಿರುತ್ತದೆ" ಅನ್ನುವುದು ತಪ್ಪು ಕಲ್ಪನೆ. ನೋಡುವುದು, ಬರೆದಿಡುವುದು, ಕಳಿಸುವುದು ಎಲ್ಲ ಗಾಡಿಯೊಳಗಿನ ಪೆಟ್ಟಿಗೆ.

ಯಾರಿಗೆ ಗೊತ್ತಾಗಬೇಕು?

ಒಂದು ಸಲದ ಚುಕ್ಕಿಯಿಂದ ದೊಡ್ಡ ಅಪಾಯವಿಲ್ಲ. ಚುಕ್ಕಿಗಳು ಸಾಲಾದಾಗ ಅದು ನಮ್ಮ ಕಥೆಯಾಗುತ್ತದೆ. ರಾತ್ರಿ ಎಲ್ಲಿ ನಿಲ್ಲುತ್ತದೆ, ಅದು ಮನೆ. ಹಗಲು ಎಲ್ಲಿ, ಅದು ಕೆಲಸ. ಪ್ರತಿ ಗುರುವಾರ ಎಲ್ಲಿ? ಮಠವೋ, ಡಯಾಲಿಸಿಸ್ ಕೇಂದ್ರವೋ. ಹೆಸರು ಅಳಿಸಿದರೂ ಸಾಲು ಮಾತಾಡುತ್ತದೆ. 2018ರ ಜನವರಿಯಲ್ಲಿ ಇದು ಜಗತ್ತಿಗೇ ಗೊತ್ತಾಯಿತು. ಸ್ಟ್ರಾವಾ ಅನ್ನುವ ವ್ಯಾಯಾಮದ ಆಪ್ ತನ್ನ ಬಳಕೆದಾರರು ಓಡಿದ ದಾರಿಗಳನ್ನೆಲ್ಲ ಸೇರಿಸಿ, ಹೆಸರಿಲ್ಲದೆ, ಒಂದು ನಕ್ಷೆ ಹಾಕಿತ್ತು. ಸೈನಿಕರು ಬೆಳಗ್ಗೆ ಓಡಿದ ಸುತ್ತುಗಳಿಂದ ಮರುಭೂಮಿಯ ನಡುವೆ ಸೇನಾ ನೆಲೆಗಳ ಆಕಾರವೇ ಅದರಲ್ಲಿ ಹೊಳೆಯುತ್ತಿತ್ತು.

ನಮ್ಮಲ್ಲಿ ಕೋರ್ಟಿಗೂ ಈ ಪ್ರಶ್ನೆ ಬಂದಿದೆ. ಆರೋಪಿ ತನ್ನ ಗೂಗಲ್ ಮ್ಯಾಪ್ಸ್ ಪಿನ್ ತನಿಖಾಧಿಕಾರಿಗೆ ಕಾಣುವ ಹಾಗೆ ಇಡಬೇಕು ಅನ್ನುವ ಷರತ್ತನ್ನು ಒಂದು ಜಾಮೀನಿನಲ್ಲಿ ಹಾಕಿದ್ದರು. 2024ರ ಜುಲೈ 8ರಂದು ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಪೊಲೀಸರು ಜಾಮೀನಿನ ಮೇಲಿರುವವರ ಖಾಸಗಿ ಬದುಕನ್ನು ಸದಾ ಇಣುಕಿ ನೋಡುವಂತೆ ಷರತ್ತು ಹಾಕಬಾರದು ಅನ್ನುವುದು ತೀರ್ಪಿನ ಸಾರ.

ಮುಂದಿನ ಜಗ್ಗಾಟ ಎಲ್ಲಿ ಅನ್ನುವ ಸುಳಿವೂ ಸಿಕ್ಕಿದೆ. ಈಗ ಪೊಲೀಸರಿಗೆ ಮೊಬೈಲ್ ಕಂಪನಿಗಳು ಕೊಡಬಲ್ಲದ್ದು ಟವರ್ ಅಂದಾಜು ಮಾತ್ರ. ಅದರ ಬದಲು ಪ್ರತಿ ಫೋನಿನಲ್ಲೂ ನಿಖರವಾದ ಲೊಕೇಶನ್ ಯಾವಾಗಲೂ ಆನ್ ಇರಬೇಕು, ಆಫ್ ಮಾಡಲು ಬರಬಾರದು ಅಂತ ಟೆಲಿಕಾಂ ಕಂಪನಿಗಳ ಕಡೆಯಿಂದ ಪ್ರಸ್ತಾಪ ಇರುವುದು 2025ರ ಡಿಸೆಂಬರಿನಲ್ಲಿ ವರದಿಯಾಯಿತು. ಫೋನ್ ತಯಾರಕರು ಅದನ್ನು ವಿರೋಧಿಸಿದರು. ಅಪರಾಧಿಯನ್ನು ಹಿಡಿಯಲು ಇದು ನೆರವಾಗುತ್ತದೆ ಅನ್ನುವುದು ಒಂದು ವಾದ. ಎಲ್ಲರ ಕಾಲಿಗೂ ಗೆಜ್ಜೆ ಕಟ್ಟಿದ ಹಾಗಾಗುತ್ತದೆ ಅನ್ನುವುದು ಇನ್ನೊಂದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಹಂತಹಂತವಾಗಿ ಜಾರಿಗೆ ಬರುತ್ತವೆ. ಆಪ್ ನಿಮ್ಮ ಮಾಹಿತಿ ಕೇಳುವಾಗ ಯಾಕೆ ಬೇಕು ಅಂತ ಬಿಡಿಸಿ ಹೇಳಬೇಕು. ಕೊಟ್ಟ ಒಪ್ಪಿಗೆಯನ್ನು ಅಷ್ಟೇ ಸಲೀಸಾಗಿ ವಾಪಸ್ ತಗೊಳ್ಳಲು ಬಿಡಬೇಕು. ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಆ ಕೋರಿಕೆ ಓದುವ ಅವಕಾಶ ಇರಬೇಕು ಅಂತಲೂ ಕಾಯ್ದೆ ಹೇಳುತ್ತದೆ. ಅಂದರೆ ಕನ್ನಡದಲ್ಲೂ.

ಪಂಚಾಂಗ ಮತ್ತು ಟಾರ್ಚ್

ದೊಡ್ಡಮ್ಮನ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ತೆರೆದು ಯಾವ ಯಾವ ಆಪ್‌ಗೆ ಅನುಮತಿ ಇದೆ ಅಂತ ಇಬ್ಬರೂ ಕೂತು ನೋಡಿದೆವು. ಟಾರ್ಚ್ ಆಪ್ ಒಂದು ಸಿಕ್ಕಿತು. ದೀಪ ಹೊತ್ತಿಸಲು ನಾವು ಯಾವ ಊರಿನಲ್ಲಿದ್ದೇವೆ ಅಂತ ಯಾಕೆ ಬೇಕು? ಅನುಮತಿ ತೆಗೆದೆವು.

ಪಂಚಾಂಗದ ಆಪನ್ನೂ ತೆಗೆಯಲು ಹೊರಟಾಗ ದೊಡ್ಡಮ್ಮ ತಡೆದರು. "ಅದಕ್ಕೆ ಬೇಕಲ್ವೇನೋ? ಸೂರ್ಯೋದಯ ಊರಿಂದ ಊರಿಗೆ ಬೇರೆ. ರಾಹುಕಾಲ ಹೇಗೆ ಹೇಳತ್ತೆ ಅದು?" ಮಾತು ಸರಿಯೇ. ಆದರೆ ರಾಹುಕಾಲಕ್ಕೆ ಊರು ಗೊತ್ತಾದರೆ ಸಾಕು, ಮನೆಯ ಗೇಟು ಬೇಡ. ಆಂಡ್ರಾಯ್ಡ್‌ನಲ್ಲೂ ಐಫೋನ್‌ನಲ್ಲೂ ಪ್ರತಿ ಆಪ್‌ಗೆ ನಿಖರವಾದ ಜಾಗ ಕೊಡಬೇಕೋ ಅಂದಾಜು ಸಾಕೋ ಅಂತ ಬೇರೆ ಬೇರೆ ಆರಿಸಬಹುದು. ಪಂಚಾಂಗಕ್ಕೆ ಅಂದಾಜು ಇಟ್ಟೆವು. ನಕ್ಷೆಗೆ ನಿಖರ, ಅದೂ ಬಳಸುವಾಗ ಮಾತ್ರ.

ಆಮೇಲೆ ಗೇಟಿನ ಹತ್ತಿರ ನಿಂತು ಡಿಜಿಪಿನ್ ತೆಗೆದು, ಕಾಗದದ ಮೇಲೆ ಬರೆದು, ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದ್ದಾಯಿತು. ಸಂಜೆ ಗ್ಯಾಸ್ ಸಿಲಿಂಡರಿನವನು ಫೋನ್ ಮಾಡಿದ. ದೊಡ್ಡಮ್ಮ ಕಾಗದದ ಕಡೆ ಒಮ್ಮೆ ನೋಡಿ ಹೇಳಿದರು: "ಅರಳಿ ಮರದ ಎದುರು ಕಣಪ್ಪ, ಹಸಿರು ಗೇಟು."